ಮೇಜಿನ ಮೇಲೆ ಓಡುತ್ತದೆ, ನೆಲಕ್ಕಿಟ್ಟರೆ ನಿಲ್ಲುತ್ತದೆ

ಈ ಸಲ ಬಂದ ಪತ್ರಗಳನ್ನು ಓದುತ್ತಾ ಹೋದರೆ ಒಂದೇ ಮನೆಯ ಮಕ್ಕಳು ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆದಂತಿದೆ. ಎಲ್ಲರೂ ಮೊದಲ ಸಲ ರೋಬೋಟ್ ಸ್ಪರ್ಧೆಗೆ ಹೊರಟವರು. ಕೈಯಲ್ಲಿ ಹಣವಿಲ್ಲ, ಸಾಮಾನು ಸಾಲದು, ಹೇಳಿಕೊಡುವವರಿಲ್ಲ. ನಾನು 20 ವರ್ಷ ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿ ಮಾಡಿದವಳು. ಆಮೇಲಿನ 14 ವರ್ಷ ಶಾಲಾ ತಂಡಗಳ ಜೊತೆ ನೆಲದ ಮೇಲೆ ಕೂತು ಸ್ಕ್ರೂ ತಿರುಗಿಸಿದ್ದೇನೆ. ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಈ ತಂಡಗಳಿಗೇ ಬಿಟ್ಟುಕೊಡುತ್ತೇನೆ. ಬರೆದವರ ಹೆಸರು, ವಿಳಾಸ ತೆಗೆದಿದ್ದೇನೆ.

ಪ್ರಶ್ನೆ: ನಾವು ಒಂಬತ್ತನೇ ತರಗತಿಯ ಐದು ಜನ. ಸ್ಪರ್ಧೆಗೆ ಇನ್ನು ಏಳು ವಾರವಿದೆ. ಹೋದ ವರ್ಷದ ಸ್ಪರ್ಧೆಯ ವಿಡಿಯೊ ನೋಡಿ ಎದೆ ಒಡೆದುಹೋಯಿತು. ಎಲ್ಲರದ್ದೂ ಅಲ್ಯೂಮಿನಿಯಂ ಚೌಕಟ್ಟು, ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಭಾಗಗಳು, ತಂಡಕ್ಕೆಲ್ಲ ಒಂದೇ ಬಣ್ಣದ ಅಂಗಿ. ನಮ್ಮ ಹತ್ತಿರ ಇರುವುದು ಒಂದು ಆರ್ಡುಯಿನೊ ಬೋರ್ಡು (ಪ್ರೋಗ್ರಾಮ್ ತುಂಬಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರು), ನಾಲ್ಕು ಹಳದಿ ಮೋಟಾರು, ಒಂದಿಷ್ಟು ರಟ್ಟು, ಪ್ಲೈವುಡ್ ತುಂಡು. ಹೋಗಿ ಅವಮಾನ ಮಾಡಿಕೊಳ್ಳುವ ಬದಲು ಹಣ ಕೂಡಿಸಿಕೊಂಡು ಮುಂದಿನ ವರ್ಷ ಹೋದರೆ ಒಳ್ಳೆಯದಲ್ಲವೇ?

ಉತ್ತರ: ಈ ವರ್ಷವೇ ಹೋಗಿ.

ಹಣ ಇಲ್ಲದಿರುವುದೇ ಒಂದು ವರ ಎಂದು ಕೆಲವರು ನಿಮಗೆ ಹೇಳಬಹುದು. ನಾನು ಹೇಳಲಾರೆ. ಹಣವಿದ್ದ ತಂಡ ಒಂದು ಮೋಟಾರು ಸುಟ್ಟರೆ ಪೆಟ್ಟಿಗೆಯಿಂದ ಇನ್ನೊಂದು ತೆಗೆದು ಹಾಕುತ್ತದೆ. ನೀವು ಸುಟ್ಟರೆ ಆ ವಾರವೇ ಹೋಯಿತು. ಇದು ಸರಿಯಲ್ಲ, ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಈ 14 ವರ್ಷದಲ್ಲಿ ನಾನು ಕಣ್ಣಾರೆ ಕಂಡ ಸೋಲುಗಳಲ್ಲಿ ಹೆಚ್ಚಿನವು ಸಾಮಾನು ಸಾಲದೆ ಆದವಲ್ಲ. ಯಂತ್ರ ಮುಗಿದದ್ದು ಹಿಂದಿನ ರಾತ್ರಿ, ಅದು ಮೊದಲ ಸಲ ಓಡಿದ್ದು ಸ್ಪರ್ಧೆಯ ಅಂಕಣದಲ್ಲಿ. ಆ ಕಾರಣಕ್ಕೆ ಆದ ಸೋಲುಗಳೇ ಹೆಚ್ಚು. ಓಡಿಸಿ ನೋಡುವ ಹೊತ್ತನ್ನು ಯಾರೂ ದುಡ್ಡು ಕೊಟ್ಟು ತರಲಾರರು. ಆ ಅಲ್ಯೂಮಿನಿಯಂ ತಂಡಕ್ಕೂ ಇರುವುದು ಏಳೇ ವಾರ.

ಆದ್ದರಿಂದ ಮೊದಲ ವಾರ ಮುಗಿಯುವಷ್ಟರಲ್ಲಿ ನಿಮ್ಮ ಪ್ಲೈವುಡ್ ತುಂಡು ನಾಲ್ಕು ಚಕ್ರದ ಮೇಲೆ ಹಿಂದೆ ಮುಂದೆ ಹೋಗುತ್ತಿರಬೇಕು. ವಸ್ತು ಎತ್ತುವ ಕೈ ಬೇಡ, ಸೆನ್ಸರ್ ಬೇಡ, ಬಣ್ಣ ಬೇಡ. ಹೋಗಬೇಕು, ತಿರುಗಬೇಕು, ನಿಲ್ಲಬೇಕು. ಅಲ್ಲಿಂದ ಮುಂದೆ ಏನೇ ಸೇರಿಸಿದರೂ ಆ ದಿನ ಸಂಜೆಗೆ ಯಂತ್ರ ಮತ್ತೆ ಓಡುವ ಸ್ಥಿತಿಗೆ ಬರಲೇಬೇಕು ಎಂದು ಐವರೂ ಒಪ್ಪಿಕೊಳ್ಳಿ. ನನ್ನ ತಂಡಗಳಲ್ಲಿ ನಾನು ಬಿಗಿಯಾಗಿ ಹಿಡಿದ ನಿಯಮ ಇದೊಂದೇ.

ಆಮೇಲೆ ನಿಯಮಪುಸ್ತಕ ತೆಗೆದು ಅಂಕಗಳ ಲೆಕ್ಕ ಹಾಕಿ. ವಸ್ತುವನ್ನು ಎತ್ತಿ ಎತ್ತರದ ತಟ್ಟೆಯಲ್ಲಿಟ್ಟರೆ 20 ಅಂಕ, ನೆಲದ ಮೇಲೆ ತಳ್ಳಿ ಗೆರೆ ದಾಟಿಸಿದರೆ 8 ಅಂಕ ಎಂದಿಟ್ಟುಕೊಳ್ಳಿ. ಎತ್ತುವ ಕೈ ಹತ್ತಕ್ಕೆ ಮೂರು ಸಲ ಮಾತ್ರ ಸರಿಯಾಗಿ ಕೆಲಸ ಮಾಡಿದರೆ ಸರಾಸರಿ 6 ಅಂಕ. ತಳ್ಳುವ ಹಲಗೆ ಹತ್ತಕ್ಕೆ ಒಂಬತ್ತು ಸಲ ಗೆದ್ದರೆ 7.2. ಹಲಗೆ ಎಂದರೆ ಮುಂದೆ ಬಿಗಿದ ಒಂದು ಮರದ ಪಟ್ಟಿ, ಅಷ್ಟೇ. ಅದಕ್ಕೆ ಮೋಟಾರು ಬೇಡ, ಅದು ಕೆಡುವುದೂ ಇಲ್ಲ.

1979ರಲ್ಲಿ ನ್ಯೂಯಾರ್ಕಿನಲ್ಲಿ ಮೈಕ್ರೋಮೌಸ್ ಸ್ಪರ್ಧೆ ನಡೆಯಿತು. ಚಕ್ರವ್ಯೂಹದಂಥ ದಾರಿಯಲ್ಲಿ ಪುಟ್ಟ ಯಂತ್ರದ ಇಲಿ ತಾನೇ ಹಾದಿ ಹುಡುಕಿ ಹೊರಬರಬೇಕು. ದಾರಿಯನ್ನು ನೆನಪಿಟ್ಟುಕೊಂಡು ಕಲಿಯುವ ಜಾಣ ಇಲಿಗಳೂ ಅಲ್ಲಿದ್ದವು. ಆದರೆ ಎಲ್ಲಕ್ಕಿಂತ ಬೇಗ ಹೊರಬಿದ್ದದ್ದು ಏನನ್ನೂ ನೆನಪಿಡದೆ ಗೋಡೆಯನ್ನು ಸವರಿಕೊಂಡು ಓಡಿದ ಸರಳ ಇಲಿ. ಅದನ್ನು ತಡೆಯಲೆಂದೇ ಮುಂದಿನ ಸ್ಪರ್ಧೆಗಳಲ್ಲಿ ಗುರಿಯನ್ನು ವ್ಯೂಹದ ನಡುವೆ ತಂದಿಟ್ಟರು. ನಿಯಮವನ್ನೇ ಬದಲಿಸುವಷ್ಟು ಗಟ್ಟಿ ಉತ್ತರವಾಗಿತ್ತು ಆ ಸರಳ ಇಲಿ.

ಇನ್ನು ರಟ್ಟಿನ ಮಾತು. ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಗಳ ಬೇರು ಹುಡುಕಿದರೆ ಅದು ಹೋಗಿ ನಿಲ್ಲುವುದು ಒಂದು ಪೆಟ್ಟಿಗೆ ಚಿಲ್ಲರೆ ಸಾಮಾನಿನ ಮುಂದೆ. 1970ರ ದಶಕದಲ್ಲಿ ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು ಯಂತ್ರವಿನ್ಯಾಸದ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಅಂಥ ಒಂದೊಂದು ಪೆಟ್ಟಿಗೆ ಕೊಡುತ್ತಿದ್ದರು. ಎಲ್ಲರಿಗೂ ಅದೇ ಸಾಮಾನು. ಅದರಲ್ಲೇ ಯಂತ್ರ ಮಾಡಿ ಒಬ್ಬರ ಎದುರು ಒಬ್ಬರು ಸ್ಪರ್ಧಿಸಬೇಕು. ಅದೇ ಫ್ಲವರ್ಸ್ ಮುಂದೆ ಡೀನ್ ಕೇಮನ್ ಎಂಬ ಆವಿಷ್ಕಾರಕರ ಜೊತೆ ಸೇರಿ ಫಸ್ಟ್ ಎಂಬ ಸಂಸ್ಥೆಯ ಸ್ಪರ್ಧೆಯನ್ನು ರೂಪಿಸಿದರು. 1992ರಲ್ಲಿ ಅದು 28 ತಂಡಗಳೊಂದಿಗೆ ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ ಶುರುವಾಯಿತು. ಮಿತಿಯೊಳಗೆ ಯೋಚಿಸುವುದು ಈ ಆಟದ ಮೂಲದಲ್ಲೇ ಇದೆ. ನಿಮ್ಮ ಪೆಟ್ಟಿಗೆ ಸ್ವಲ್ಪ ಚಿಕ್ಕದು, ಅಷ್ಟೇ ವ್ಯತ್ಯಾಸ.

ಕೈ ಬೇಕೆಂದಾದರೂ ಮೊದಲು ರಟ್ಟಿನಲ್ಲೇ ಮಾಡಿ. ರಟ್ಟಿನ ಪಟ್ಟಿಗೆ ಗುಂಡುಪಿನ್ನು ಚುಚ್ಚಿ ಕೀಲು ಮಾಡಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಷ್ಟು ಎತ್ತರ ಹೋಗುತ್ತದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮೂರು ಸಲ ರಟ್ಟು ಕತ್ತರಿಸಿ, ನಾಲ್ಕನೆಯ ಸಲ ಪ್ಲೈವುಡ್ ಕತ್ತರಿಸಿ. ನಾಲ್ಕು ಪಟ್ಟಿ ಸೇರಿಸಿದ ಚೌಕವನ್ನು ಮೂಲೆಯಲ್ಲಿ ಒತ್ತಿದರೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಬಡಿದು ಅದನ್ನು ಎರಡು ತ್ರಿಕೋನ ಮಾಡಿದರೆ ಅಲುಗುವುದಿಲ್ಲ. ಅಲ್ಯೂಮಿನಿಯಂ ಇಲ್ಲದ ಕೊರತೆಯನ್ನು ಆ ಒಂದು ಪಟ್ಟಿ ಬಹುಮಟ್ಟಿಗೆ ತುಂಬುತ್ತದೆ.

ಹಳೆಯ ಪ್ರಿಂಟರ್ ಸಿಕ್ಕರೆ ಬಿಡಬೇಡಿ. ಒಳಗೆ ಮೋಟಾರುಗಳು, ನೇರವಾದ ಉಕ್ಕಿನ ಸರಳು, ಹಲ್ಲಿನ ಬೆಲ್ಟು, ಗೇರುಗಳು ಇರುತ್ತವೆ. ಕೆಟ್ಟ ಸಿ.ಡಿ. ಡ್ರೈವಿನಲ್ಲೂ ಪುಟ್ಟ ಮೋಟಾರು ಸಿಗುತ್ತದೆ. ಆದರೆ ಹಳೇ ಡಬ್ಬದ ಟಿ.ವಿ.ಯನ್ನೂ ಮೈಕ್ರೋವೇವ್ ಒಲೆಯನ್ನೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. 20 ವರ್ಷ ಅವುಗಳನ್ನೇ ಬಿಚ್ಚಿದವಳ ಮಾತಿದು, ದಯವಿಟ್ಟು ಕೇಳಿ.

ಪ್ರಶ್ನೆ: ನಮ್ಮ ರೋಬೋಟಿಗೆ ನಾಲ್ಕು ಹಳದಿ ಮೋಟಾರು, ಒಂದು ಆರ್ಡುಯಿನೊ ಬೋರ್ಡು. ಅದನ್ನು ಮೇಜಿನ ಮೇಲೆ ಡಬ್ಬಿಗೆ ಒರಗಿಸಿ, ಚಕ್ರ ಗಾಳಿಯಲ್ಲಿರುವಂತೆ ಇಟ್ಟರೆ ಚೆನ್ನಾಗಿ ಓಡುತ್ತದೆ. ನೆಲಕ್ಕಿಟ್ಟ ಕೂಡಲೇ ಒಮ್ಮೆ ಜಿಗಿದು ನಿಲ್ಲುತ್ತದೆ. ಬೋರ್ಡಿನ ದೀಪ ಆರಿ ಮತ್ತೆ ಹತ್ತುತ್ತದೆ, ಮತ್ತೆ ಜಿಗಿಯುತ್ತದೆ. ಪ್ರೋಗ್ರಾಮನ್ನು ಇಪ್ಪತ್ತು ಸಲ ತಿದ್ದಿದೆವು. ಬ್ಯಾಟರಿ ಹೊಸದು, 9 ವೋಲ್ಟಿನ ಚೌಕದ್ದು. ಬೋರ್ಡು ಕೆಟ್ಟಿದೆಯೇ? ಇನ್ನೊಂದು ಕೊಳ್ಳಲು ನಮ್ಮಿಂದ ಆಗುವುದಿಲ್ಲ.

ಉತ್ತರ: ಬೋರ್ಡು ಕೆಟ್ಟಿಲ್ಲ. ಪ್ರೋಗ್ರಾಮೂ ಬಹುಶಃ ಸರಿಯಾಗಿಯೇ ಇದೆ. ನಿಮ್ಮ ರೋಬೋಟ್ ಹಸಿದಿದೆ.

ಆ ಚೌಕದ ಬ್ಯಾಟರಿಯೊಳಗೆ ಇರುವುದು ಒಂದೂವರೆ ವೋಲ್ಟಿನ ಆರು ಪುಟ್ಟ ಕೋಶಗಳು. ಹೊಗೆ ಪತ್ತೆ ಮಾಡುವ ಉಪಕರಣದಂಥ, ತೊಟ್ಟು ತೊಟ್ಟಾಗಿ ವಿದ್ಯುತ್ತು ಕುಡಿಯುವ ವಸ್ತುಗಳಿಗೆ ಅದು ಸರಿ. ಮೋಟಾರು ಹಾಗಲ್ಲ. ತಿರುಗುತ್ತಿರುವ ಮೋಟಾರು ತಾನೇ ಒಂದು ಜನರೇಟರಿನಂತೆ ವರ್ತಿಸಿ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದರಿಂದ ಒಳಬರುವ ಕರೆಂಟು ಕಡಿಮೆಯಾಗುತ್ತದೆ. ನಿಂತಿರುವ ಮೋಟಾರಿಗೆ ಆ ತಡೆ ಇಲ್ಲ. ಗಾಳಿಯಲ್ಲಿ ಚಕ್ರ ಕ್ಷಣದಲ್ಲಿ ವೇಗ ಹಿಡಿಯುತ್ತದೆ, ತೊಂದರೆ ಕಾಣುವುದಿಲ್ಲ. ನೆಲದ ಮೇಲೆ ಇಡೀ ಯಂತ್ರದ ಭಾರವನ್ನು ನಿಂತಲ್ಲಿಂದ ಎಳೆಯಬೇಕು. ನಾಲ್ಕೂ ಮೋಟಾರು ಒಟ್ಟಿಗೆ ಬಾಯಿ ತೆರೆಯುತ್ತವೆ, ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಅದೇ ಬ್ಯಾಟರಿಯಿಂದ ಬದುಕುತ್ತಿರುವ ಆರ್ಡುಯಿನೊ ಎಚ್ಚರ ತಪ್ಪುತ್ತದೆ. ಅದು ಎಚ್ಚರ ತಪ್ಪಿದಾಗ ಮೋಟಾರು ನಿಲ್ಲುತ್ತವೆ, ವೋಲ್ಟೇಜ್ ಮೇಲೇಳುತ್ತದೆ, ಬೋರ್ಡು ಮೊದಲಿನಿಂದ ಶುರುಮಾಡುತ್ತದೆ, ಮತ್ತೆ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ನೀವು ಕಂಡ ಜಿಗಿತ ಇದೇ.

ನನ್ನ ಮಾತು ನಂಬಬೇಡಿ, ಅಳೆದು ನೋಡಿ. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಹಿಡಿದು, ಒಬ್ಬರು ಯಂತ್ರವನ್ನು ಹೊರಡಿಸಿ, ಇನ್ನೊಬ್ಬರು ಅಂಕಿ ಓದಲಿ. ಹೀಗೆ ನಾನು ಅಳೆದ ಒಂದು ಯಂತ್ರದಲ್ಲಿ 9 ಇದ್ದದ್ದು ಹೊರಡುವ ಕ್ಷಣಕ್ಕೆ 5ಕ್ಕಿಂತ ಕೆಳಗೆ ಬಿದ್ದಿತ್ತು. ಅಂಕಿ ಕಣ್ಣಿಗೆ ಬಿದ್ದ ಮೇಲೆ ಆ ಮಕ್ಕಳು ಪ್ರೋಗ್ರಾಮ್ ತಿದ್ದುವುದನ್ನು ಬಿಟ್ಟರು. ನಿಮ್ಮ ತಂಡ ಒಂದೇ ಒಂದು ಉಪಕರಣ ಕೊಳ್ಳಬಹುದು ಎಂದಾದರೆ ಅದು ಮಲ್ಟಿಮೀಟರ್ ಆಗಿರಲಿ. ಸಾಧಾರಣದ್ದು ಸಾಕು.

ಈಗ ಪರಿಹಾರ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳು ತಲಾ 1.2 ವೋಲ್ಟಿನವು. ಆರನ್ನು ಸಾಲಾಗಿ ಜೋಡಿಸಿದರೆ 7.2. ಅಂಕಿ 9ಕ್ಕಿಂತ ಕಡಿಮೆ ಎಂದು ಹಿಂಜರಿಯಬೇಡಿ, ಇವು ಕರೆಂಟು ಕೊಡುವುದರಲ್ಲಿ ಆ ಚೌಕದ ಬ್ಯಾಟರಿಗಿಂತ ಎಷ್ಟೋ ಮೇಲು. ಆರ್ಡುಯಿನೊ ಹೇಳಿದಂತೆ ಮೋಟಾರಿಗೆ ಕರೆಂಟು ಬಿಡುವ ನಿಮ್ಮ ಮೋಟಾರ್ ಡ್ರೈವರ್ ಬೋರ್ಡು ಎಲ್298 ಎಂಬ ಬಗೆಯದಾಗಿದ್ದರೆ ಅದು ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಉಳಿಯುವ 5ರ ಆಸುಪಾಸು ಹಳದಿ ಮೋಟಾರಿಗೆ ಸಾಕು. ಆರ್ಡುಯಿನೊಗೆ ಬೇರೆ ಊಟ ಕೊಡಿ. ನಿಯಮ ಒಪ್ಪುವುದಾದರೆ ಫೋನಿನ ಪವರ್ ಬ್ಯಾಂಕಿನಿಂದ ಯುಎಸ್‌ಬಿ ತಂತಿಯಲ್ಲಿ ಕೊಡಬಹುದು. ಕೆಲವು ಪವರ್ ಬ್ಯಾಂಕುಗಳು ತೀರಾ ಕಡಿಮೆ ಕರೆಂಟು ಎಳೆದರೆ ತಮ್ಮಷ್ಟಕ್ಕೆ ಆರಿಬಿಡುತ್ತವೆ, ಅರ್ಧ ಗಂಟೆ ಹಾಗೇ ಬಿಟ್ಟು ಪರೀಕ್ಷಿಸಿ. ಎರಡು ಬ್ಯಾಟರಿ ಬಳಸುವಾಗ ಎರಡರ ಕಪ್ಪು ತಂತಿಯೂ, ಅಂದರೆ ಗ್ರೌಂಡ್, ಒಂದಕ್ಕೊಂದು ಸೇರಿರಲೇಬೇಕು. ಸೇರಿಸದಿದ್ದರೆ ಆರ್ಡುಯಿನೊ ಹೇಳಿದ್ದು ಡ್ರೈವರ್ ಬೋರ್ಡಿಗೆ ಅರ್ಥವಾಗುವುದಿಲ್ಲ. ಈ ಒಂದು ತಂತಿ ಮರೆತು ಎರಡು ದಿನ ಕಳೆದ ತಂಡಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಪ್ರೋಗ್ರಾಮಿನಲ್ಲಿ ಒಂದೇ ಬದಲಾವಣೆ ಮಾಡಿ. ಪೂರ್ಣ ವೇಗವನ್ನು ಒಮ್ಮೆಗೇ ಕೊಡದೆ ಅರ್ಧ ಸೆಕೆಂಡಿನಲ್ಲಿ ಹಂತಹಂತವಾಗಿ ಏರಿಸಿ. ಮೋಟಾರಿನ ಕರೆಂಟನ್ನು ಬ್ರೆಡ್‌ಬೋರ್ಡಿನ, ಅಂದರೆ ಬೆಸುಗೆಯಿಲ್ಲದೆ ತಂತಿ ಚುಚ್ಚುವ ತೂತಿನ ಹಲಗೆಯ, ಮೂಲಕ ಹರಿಸಬೇಡಿ, ಅದರ ಹಿಡಿತ ಅಷ್ಟಕ್ಕೆ ತಕ್ಕದ್ದಲ್ಲ.

ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕಿ ಎಂದು ಯಾರಾದರೂ ಹೇಳಿಯಾರು. ಅದು ಶಕ್ತಿವಂತ, ಆದರೆ ಮುನಿದರೆ ಬೆಂಕಿ. ಪ್ರತಿ ಕೋಶ 4.2 ವೋಲ್ಟ್ ಮೀರಬಾರದು, 3ಕ್ಕಿಂತ ಇಳಿಯಬಾರದು, ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು, ಚಾರ್ಜ್ ಆಗುವಾಗ ಪಕ್ಕದಲ್ಲಿ ಜನ ಇರಬೇಕು, ಊದಿಕೊಂಡರೆ ಮತ್ತೆ ಮುಟ್ಟಬಾರದು. ಮೊದಲ ವರ್ಷ ಅದರ ಸಹವಾಸ ಬೇಡ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ನನ್ನ ಮೊದಲ ತಂಡದ ಯಂತ್ರ ಮನೆಯಲ್ಲಿ ಚೆನ್ನಾಗಿ ಓಡಿತ್ತು. ಸ್ಪರ್ಧೆಯಲ್ಲಿ ಎರಡು ನಿಮಿಷ ಅಂಕಣದ ನಡುವೆ ಅಲುಗದೆ ನಿಂತಿತು. ಆ ಎರಡು ನಿಮಿಷ ಐದು ಮಕ್ಕಳು ಗೆರೆಯ ಆಚೆ ಕೈಕಟ್ಟಿ ನಿಂತಿದ್ದರು, ನಿಯಮದ ಪ್ರಕಾರ ಯಾರೂ ಮುಟ್ಟುವಂತಿರಲಿಲ್ಲ. ದಾರಿಯ ಕುಲುಕಾಟಕ್ಕೆ ಬೋರ್ಡಿಗೆ ಚುಚ್ಚಿದ್ದ ಒಂದು ಜಂಪರ್ ತಂತಿ ಸಡಿಲಾಗಿತ್ತು. ಅಂದಿನಿಂದ ನನ್ನ ತಂಡಗಳಲ್ಲಿ ಪ್ರತಿ ತಂತಿಯನ್ನೂ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡುವುದು ಕಡ್ಡಾಯ. ಬಂದುಬಿಟ್ಟರೆ ಒಳ್ಳೆಯದೇ, ಇಲ್ಲೇ ಬಂತು. ಸಾಧ್ಯವಾದ ಕಡೆ ಬೆಸುಗೆ ಹಾಕಿ, ಆಗದ ಕಡೆ ಒಂದು ಹನಿ ಬಿಸಿ ಅಂಟು ಬಿಡಿ, ತಂತಿಯನ್ನು ಚೌಕಟ್ಟಿಗೆ ಕಟ್ಟಿ. ಕುಲುಕಿ ನೋಡುವುದೂ ಪರೀಕ್ಷೆಯೇ.

ಪ್ರಶ್ನೆ: ನಾನು ಇತಿಹಾಸದ ಮೇಷ್ಟ್ರು. ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ರೋಬೋಟ್ ತಂಡದ ಹೊಣೆ ನನ್ನ ಹೆಗಲಿಗೆ ಬಿತ್ತು. ಮಕ್ಕಳು ಕೇಳುವ ಒಂದು ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. ಏನೂ ತಿಳಿಯದ ನಾನು ಅವರಿಗೆ ಅಡ್ಡಿಯಾಗುತ್ತಿದ್ದೇನೆಯೇ?

ಉತ್ತರ: ಮೇಷ್ಟ್ರೇ, ನಾನು ಕಂಡ ಒಳ್ಳೆಯ ಮಾರ್ಗದರ್ಶಕರಲ್ಲಿ ಒಬ್ಬರು ನಿಮ್ಮಂತೆಯೇ ಇತಿಹಾಸ ಕಲಿಸುವವರು. ಅವರಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಯಂತ್ರ ಕೆಟ್ಟಿತೆಂದು ಮಕ್ಕಳು ಓಡಿ ಬಂದಾಗ ಅವರು ಕೇಳುತ್ತಿದ್ದುದು ಒಂದೇ ಮಾತು: "ಕೆಡುವುದಕ್ಕೆ ಮುಂಚೆ ಏನಾಗಿತ್ತು?" ಯಾರು ಏನು ಬದಲಿಸಿದರು, ಯಾವಾಗ, ಅದಕ್ಕೆ ಸಾಕ್ಷಿ ಏನು? ಮಕ್ಕಳು ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿ ಯಂತ್ರದ ಕಡೆ ಓಡುತ್ತಿದ್ದರು. ನಾನು ರಿಪೇರಿ ಮೇಜಿನ ಮೇಲೆ ವರ್ಷಗಟ್ಟಲೆ ಕಲಿತದ್ದೂ ಅದನ್ನೇ. ನಿಮ್ಮ ವಿಷಯ ಅದನ್ನು ನಿಮಗೆ ಮೊದಲೇ ಕಲಿಸಿದೆ.

ಉತ್ತರ ಗೊತ್ತಿದ್ದವರಿಗೆ ಒಂದು ಕಷ್ಟವಿದೆ, ಕೈ ಸುಮ್ಮನಿರುವುದಿಲ್ಲ. ಮಗು ಹತ್ತು ನಿಮಿಷ ತಡಕಾಡಿ ಕಂಡುಕೊಳ್ಳಬೇಕಾದ್ದನ್ನು ಹತ್ತು ಸೆಕೆಂಡಿನಲ್ಲಿ ಮಾಡಿಕೊಟ್ಟುಬಿಡುತ್ತೇವೆ. ನಾನು ಮೊದಲ ಮೂರು ವರ್ಷ ಹಾಗೆ ಮಾಡಿದ್ದೇನೆ, ಆ ಮಕ್ಕಳ ಬಗ್ಗೆ ಈಗಲೂ ನನಗೆ ಬೇಸರವಿದೆ. ನಿಮಗೆ ಆ ಆಮಿಷವೇ ಇಲ್ಲ.

ನಿಮ್ಮಿಂದ ಮಾತ್ರ ಆಗುವ ಕೆಲಸಗಳಿವೆ. ಕೋಣೆಯ ಬೀಗದ ಕೈ ನಿಮ್ಮ ಹತ್ತಿರ ಇರಲಿ, ಹೇಳಿದ ಹೊತ್ತಿಗೆ ಬಾಗಿಲು ತೆರೆದಿರಲಿ. ಕತ್ತರಿಸುವಾಗ, ಕೊರೆಯುವಾಗ ಕಣ್ಣಿಗೆ ಕನ್ನಡಕ ಹಾಕಿದ್ದಾರೆಯೇ ನೋಡಿ, ಇದರಲ್ಲಿ ಮಾತ್ರ ರಾಜಿ ಬೇಡ. ನಿಯಮಪುಸ್ತಕವನ್ನು ನೀವು ಓದಿ, ಹಳೆಯ ಶಾಸನ ಓದುವಷ್ಟು ನಿಧಾನವಾಗಿ. "ಮಾಡಬಹುದು" ಎಂದಿದೆಯೇ, "ಮಾಡಲೇಬೇಕು" ಎಂದಿದೆಯೇ? ಅಳತೆ ಎಂದರೆ ಯಂತ್ರ ಮುದುಡಿದ್ದಾಗಿನದೋ, ಕೈ ಚಾಚಿದಾಗಿನದೋ? ಒಂದು ವರ್ಷ ನಮ್ಮ ಯಂತ್ರ ತಪಾಸಣೆಯಲ್ಲಿ ಮಿತಿಗಿಂತ ಒಂದು ಸೆಂಟಿಮೀಟರ್ ಅಗಲವಾಯಿತು. ಚೌಕಟ್ಟು ಸರಿಯಾಗಿತ್ತು, ಹೊರಗೆ ಚಾಚಿದ್ದ ಬೋಲ್ಟಿನ ತಲೆಗಳನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸರದಿಯಲ್ಲಿ ನಿಂತೇ ಗರಗಸ ಹಿಡಿದು ಬೋಲ್ಟು ಕೊಯ್ದೆವು, ಪಕ್ಕದ ತಂಡದವರು ಯಂತ್ರವನ್ನು ಅಲುಗದಂತೆ ಹಿಡಿದುಕೊಂಡರು. ಗರಗಸವೂ ಅವರದ್ದೇ.

ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಸ್ಪರ್ಧೆಯ ದಿನ ಯಂತ್ರ ರಿಪೇರಿ ಮಾಡುವ ಜಾಗದಲ್ಲಿ ಬೇಡಲು ಸಂಕೋಚ ಬೇಡ. ನಟ್ಟು, ತಂತಿ, ಚಾರ್ಜರ್, ಸಲಹೆ, ಯಾವುದಾದರೂ ಸರಿ. ದೊಡ್ಡ ತಂಡಗಳು ಕೊಡುತ್ತವೆ. ಬಹಳ ಸಲ ಅವು ಕೇಳುವವರಿಗಾಗಿ ಕಾಯುತ್ತಿರುತ್ತವೆ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಸಿಕ್ಕ ಪ್ರೋಗ್ರಾಮನ್ನು ಹಾಗೇ ಹಾಕಿಕೊಂಡರೆ ಮೋಸವೇ?

ಉತ್ತರ: ಹಂಚಿಕೊಳ್ಳಲೆಂದೇ ಇಟ್ಟದ್ದಾದರೆ, ಸ್ಪರ್ಧೆಯ ನಿಯಮ ಒಪ್ಪಿದರೆ, ಯಾರಿಂದ ತಂದಿರಿ ಎಂದು ಬರೆದರೆ ಮೋಸವಲ್ಲ. ಆದರೆ ತೀರ್ಪುಗಾರರು ಒಂದು ಸಾಲಿನ ಮೇಲೆ ಬೆರಳಿಟ್ಟು "ಇದು ಏನು ಮಾಡುತ್ತದೆ?" ಎಂದಾಗ ತಂಡದಲ್ಲಿ ಯಾರಾದರೂ ಹೇಳಬೇಕು. ಅರ್ಥವಾಗದ ಸಾಲನ್ನು ಅಳಿಸಿ ಓಡಿಸಿ ನೋಡಿ, ಅದು ಏನು ಮಾಡುತ್ತಿತ್ತೆಂದು ಯಂತ್ರವೇ ಹೇಳುತ್ತದೆ.

ಪ್ರಶ್ನೆ: ತಂಡದಲ್ಲಿ ನಾನೊಬ್ಬಳೇ ಹುಡುಗಿ. ಯಾವಾಗಲೂ ನನಗೆ ಕೊಡುವುದು ದಾಖಲೆ ಪುಸ್ತಕ ಬರೆಯುವುದು, ಪೋಸ್ಟರಿಗೆ ಬಣ್ಣ ಹಚ್ಚುವುದು. "ನಿನ್ನ ಅಕ್ಷರ ಚೆನ್ನಾಗಿದೆ" ಎನ್ನುತ್ತಾರೆ. ಬೆಸುಗೆ ಹಾಕಬೇಕೆಂದು ನನಗೂ ಆಸೆ. ಕೇಳಿದರೆ "ಇರುವುದೇ ಒಂದು ಸೋಲ್ಡರಿಂಗ್ ಕಡ್ಡಿ, ಹಾಳು ಮಾಡುವಂತಿಲ್ಲ" ಎನ್ನುತ್ತಾರೆ. ಅವರು ಕೆಟ್ಟವರಲ್ಲ. ಏನು ಮಾಡಲಿ?

ಉತ್ತರ: ಮಗಳೇ, ನಾನು ಕೆಲಸ ಕಲಿಯಲು ಹೋದ ಅಂಗಡಿಯಲ್ಲಿ ಮೊದಲ ಆರು ತಿಂಗಳು ನನಗೆ ಕೊಟ್ಟದ್ದು ರಸೀದಿ ಬರೆಯುವ ಕೆಲಸ. ಅಕ್ಷರ ಚೆನ್ನಾಗಿತ್ತು ಎಂದೇ. ಅದಕ್ಕೇ ನಿನ್ನ ಪತ್ರವನ್ನು ಎರಡು ಸಲ ಓದಿದೆ.

ಮೊದಲು ಪುಸ್ತಕದ ಬಗ್ಗೆ. ಅದು ಕೀಳು ಕೆಲಸ ಎಂದು ನಿನ್ನ ತಂಡ ತಿಳಿದಿದ್ದರೆ ಅದು ಅವರ ತಪ್ಪು. 2004ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ಮಕ್ಕಳು ನೀರೊಳಗಿನ ರೋಬೋಟುಗಳ ಸ್ಪರ್ಧೆಗೆ ಹೋದರು. ವಲಸೆ ಬಂದ ಬಡ ಕುಟುಂಬಗಳ ಮಕ್ಕಳು ಅವರು. ಯಂತ್ರ ಪಿವಿಸಿ ಪೈಪಿನದ್ದು, ಖರ್ಚು ಸುಮಾರು 800 ಡಾಲರ್. ಪೈಪಿನ ಅಂಟು ನಾರುತ್ತಿದ್ದರಿಂದ ಅದಕ್ಕೆ ಸ್ಟಿಂಕಿ, ಅಂದರೆ ನಾತದ್ದು, ಎಂದೇ ಹೆಸರಿಟ್ಟಿದ್ದರು. ಸ್ಪರ್ಧೆಯ ಹೊತ್ತಿಗೆ ವಿದ್ಯುತ್ ಭಾಗಗಳಿದ್ದ ಪೆಟ್ಟಿಗೆಯೊಳಗೆ ನೀರು ಜಿನುಗಿತು. ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪನ್ನುಗಳನ್ನು ಒಳಗಿಟ್ಟು ನೀರು ಹೀರಿಸಿದರು. ಕಾಲೇಜುಗಳ ವಿಭಾಗದಲ್ಲೇ ಸ್ಪರ್ಧಿಸಿ, ಎಂಐಟಿಯ ತಂಡವೂ ಇದ್ದ ಕಡೆ ಒಟ್ಟಾರೆ ಮೊದಲ ಸ್ಥಾನ ಪಡೆದರು. ಈ ಕಥೆ ಹೇಳುವವರು ಪೈಪು ಮತ್ತು ಟ್ಯಾಂಪನ್ನಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದೇ ತಂಡಕ್ಕೆ ತಾಂತ್ರಿಕ ಬರವಣಿಗೆಯ ಬಹುಮಾನವೂ ಬಂದದ್ದು. ಮಾಡಿದ್ದನ್ನು ಅವರು ಚೆನ್ನಾಗಿ ಬರೆದಿದ್ದರು, ಕೇಳಿದವರಿಗೆ ಚೆನ್ನಾಗಿ ವಿವರಿಸಿದ್ದರು. ಅವರ ಗೆಲುವಿನಲ್ಲಿ ಅದರ ಪಾಲು ದೊಡ್ಡದು.

ಆದರೆ ಮಾಡದೇ ಇರುವವರು ಬರೆದರೆ ಆ ಪುಸ್ತಕ ಟೊಳ್ಳಾಗುತ್ತದೆ. ಇದನ್ನು ತಂಡಕ್ಕೆ ಹೇಳು, ನಿನಗಾಗಿ ಬೇಡುವಂತೆ ಹೇಳಬೇಡ, ತಂಡದ ಕೆಲಸವೆಂದು ಹೇಳು. ವಾರಕ್ಕೊಮ್ಮೆ ಎಲ್ಲರ ಕೆಲಸವೂ ಬದಲಾಗಲಿ, ಬೆಸುಗೆ ಹಾಕಿದವನು ಆ ದಿನದ ಪುಟ ತಾನೇ ಬರೆಯಲಿ. ಸ್ಪರ್ಧೆಯ ದಿನ ಬೆಸುಗೆ ಬಲ್ಲ ಒಬ್ಬನೇ ಹುಡುಗ ಜ್ವರ ಬಂದು ಮಲಗಿದರೆ ಏನು ಮಾಡುತ್ತೀರಿ ಎಂದು ಕೇಳು. ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಸಣ್ಣ ತಂಡಕ್ಕೆ ಬಹಳ ದುಬಾರಿ.

ಕಡ್ಡಿ ಹಾಳಾಗುವ ಭಯಕ್ಕೆ ಉತ್ತರ ಸುಲಭ. ಸತ್ತ ರೇಡಿಯೊ ಅಥವಾ ಆಟಿಕೆಯ ಬೋರ್ಡೊಂದನ್ನು ತಗೊ. ಅದರಿಂದ ಹತ್ತು ಭಾಗ ಬಿಚ್ಚು, ಅದೇ ಹತ್ತನ್ನು ಮತ್ತೆ ಕೂರಿಸು. ಕಡ್ಡಿಯನ್ನು ತಂತಿಗೂ ಬೋರ್ಡಿಗೂ ಒಟ್ಟಿಗೆ ತಾಗಿಸಿ ಎರಡನ್ನೂ ಬಿಸಿ ಮಾಡು, ಬೆಸುಗೆಯ ಸೀಸವನ್ನು ಕಡ್ಡಿಗೆ ತಾಗಿಸಬೇಡ, ಬಿಸಿಯಾದ ಜಾಗಕ್ಕೆ ತಾಗಿಸು. ತಾನೇ ಹರಿದು ಹೊಳೆಯುವ ಪುಟ್ಟ ಗುಡ್ಡವಾದರೆ ಸರಿ, ಉಂಡೆ ಕಟ್ಟಿ ಮಂಕಾದರೆ ಮತ್ತೆ ಬಿಸಿ ಮಾಡು. ಕಿಟಕಿ ತೆರೆದಿರಲಿ, ಮುಗಿದ ಮೇಲೆ ಕೈ ತೊಳೆ. ಹತ್ತನೆಯದು ಮೊದಲನೆಯದಕ್ಕಿಂತ ಎಷ್ಟು ಚೆನ್ನಾಗಿದೆ ಎಂದು ಅವರ ಮುಂದೆ ಇಡು. ಪುಸ್ತಕದ ಮುಂದಿನ ಪುಟದಲ್ಲಿ ಆ ಬೋರ್ಡಿನ ಚಿತ್ರ ಅಂಟಿಸಿ ದಿನಾಂಕ ಹಾಕು.

ಆದರೂ ಕೊಡಲಿಲ್ಲ ಎಂದರೆ ಇನ್ನೊಮ್ಮೆ ಬರೆ. ನಿನ್ನ ಮೇಷ್ಟ್ರಿಗೆ ನಾನೇ ಪತ್ರ ಹಾಕುತ್ತೇನೆ.

ಪ್ರಶ್ನೆ: ನಮ್ಮ ಆರು ಜನಕ್ಕೆ ಇರುವುದು ಒಂದೇ ಹಳೆಯ ಲ್ಯಾಪ್‌ಟಾಪ್, ಆನ್ ಆಗಲು ಹತ್ತು ನಿಮಿಷ ಬೇಕು. ಇದರಲ್ಲಿ ರೋಬೋಟ್ ಮಾಡಬಹುದೇ?

ಉತ್ತರ: ಮಾಡಬಹುದು. 1948–49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ ಕಂಪ್ಯೂಟರೇ ಇಲ್ಲದೆ ಆಮೆಯಂಥ ಎರಡು ರೋಬೋಟ್ ಮಾಡಿದರು. ಮಿದುಳೆಂದರೆ ಎರಡು ರೇಡಿಯೊ ವಾಲ್ವು. ಬೆಳಕನ್ನು ಅರಸಿ ಹೋಗುತ್ತಿದ್ದವು, ಅಡ್ಡ ಬಂದದ್ದನ್ನು ಬಳಸಿ ಸಾಗುತ್ತಿದ್ದವು, ಬ್ಯಾಟರಿ ಇಳಿದಾಗ ಗೂಡಿಗೆ ಮರಳುತ್ತಿದ್ದವು. 1997ರಲ್ಲಿ ಮಂಗಳನ ಮೇಲೆ ಓಡಾಡಿದ ಸೋಜರ್ನರ್ ಬಂಡಿಯ ಪ್ರೊಸೆಸರಿನ ವೇಗ 2 ಮೆಗಾಹರ್ಟ್ಸ್. ಆರ್ಡುಯಿನೊ ಊನೊ ಬೋರ್ಡಿನದು 16 ಮೆಗಾಹರ್ಟ್ಸ್. ಏಳು ದಿನಕ್ಕೆಂದು ಕಳಿಸಿದ ಆ ಬಂಡಿ 80ಕ್ಕೂ ಹೆಚ್ಚು ದಿನ ಕೆಲಸ ಮಾಡಿತು.

ಲ್ಯಾಪ್‌ಟಾಪ್ ಆನ್ ಆಗುವ ಹತ್ತು ನಿಮಿಷದಲ್ಲಿ ಪ್ರೋಗ್ರಾಮನ್ನು ಕಾಗದದ ಮೇಲೆ ಮಾತಿನಲ್ಲಿ ಬರೆಯಿರಿ: ಗೆರೆ ಎಡಕ್ಕೆ ಕಂಡರೆ ಎಡ ಚಕ್ರ ನಿಧಾನ, ಹೀಗೆ. ಒಬ್ಬರು ಟೈಪ್ ಮಾಡಲಿ, ಪಕ್ಕದಲ್ಲಿ ಕೂತವರು ಜೋರಾಗಿ ಓದಲಿ. ಉಳಿದ ನಾಲ್ವರು ಯಂತ್ರದ ಹತ್ತಿರ ಇರಲಿ. ಫೋನಿಗೆ ಒಟಿಜಿ ಕೇಬಲ್ (ಫೋನಿಗೆ ಬೇರೆ ಯುಎಸ್‌ಬಿ ಸಾಧನ ಜೋಡಿಸುವ ತಂತಿ) ಹಾಕಿ ಆರ್ಡುಯಿನೊಗೆ ಪ್ರೋಗ್ರಾಮ್ ಕಳಿಸುವ ಆ್ಯಪ್‌ಗಳೂ ಇವೆ. ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲೇಬೇಕು, ಆ ಲ್ಯಾಪ್‌ಟಾಪಿನ ವಯಸ್ಸು ನೋಡಿ ಹೇಳುತ್ತಿದ್ದೇನೆ.

ಪ್ರಶ್ನೆ: ನಾವು ಹೋದ ವಾರ ಮೊದಲ ಸ್ಪರ್ಧೆಗೆ ಹೋಗಿ ಬಂದೆವು. ಎಡ ಚಕ್ರ ಜಾರುತ್ತಲೇ ಇತ್ತು, 31 ತಂಡಗಳಲ್ಲಿ 31ನೆಯವರಾದೆವು. ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಒಬ್ಬ ತಂಡ ಬಿಡುತ್ತೇನೆ ಎಂದ. ರೋಬೋಟನ್ನು ನಾಳೆಯೇ ಬಿಚ್ಚಿ ಭಾಗಗಳನ್ನು ಶಾಲೆಗೆ ಒಪ್ಪಿಸಬೇಕೆಂದಿದ್ದೇವೆ. ಇನ್ನು ಏನಾದರೂ ಮಾಡುವುದಿದೆಯೇ?

ಉತ್ತರ: ಬಿಚ್ಚಬೇಡಿ. ಈ ಉತ್ತರ ಅಚ್ಚಾಗುವಷ್ಟರಲ್ಲಿ ತಡವಾಗಬಹುದೆಂದು ನಿಮಗೆ ಮೊದಲೇ ಬೇರೆಯಾಗಿ ಪತ್ರ ಹಾಕಿದ್ದೇನೆ.

31ನೆಯವರಾಗಿ ಬಂದಾಗ ಆಗುವ ನೋವು ನನಗೆ ಗೊತ್ತು. ಅಂಕಣದ ನಡುವೆ ಅಲುಗದೆ ನಿಂತ ನಮ್ಮ ಯಂತ್ರವೂ ಕಡೆಯ ಸಾಲಿನಲ್ಲೇ ಇತ್ತು. ಬಿಡುತ್ತೇನೆ ಎಂದ ಹುಡುಗನನ್ನು ಈಗ ಒತ್ತಾಯಿಸಬೇಡಿ, ಹಂಗಿಸಬೇಡಿ. ಒಂದು ವಾರ ಹೋಗಲಿ. ಆಮೇಲೆ ಒಂದು ಕೆಲಸ ಹಿಡಿದುಕೊಂಡು ಅವನ ಹತ್ತಿರ ಹೋಗಿ, ಮಾತು ಹಿಡಿದುಕೊಂಡು ಹೋಗಬೇಡಿ. "ಆ ಎಡ ಚಕ್ರ ಯಾಕೆ ಜಾರುತ್ತಿತ್ತು, ಬಾ ನೋಡೋಣ" ಎಂದರೆ ಸಾಕು. ನಮ್ಮಲ್ಲೂ ಒಬ್ಬಳು ಹಾಗೇ ಬಿಟ್ಟು ಹೋಗಿದ್ದಳು. ಹನ್ನೊಂದನೆಯ ದಿನ ಬಂದು ಬಾಗಿಲಲ್ಲಿ ನಿಂತಳು, ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ, ಮಲ್ಟಿಮೀಟರ್ ಅವಳ ಕೈಗೆ ಕೊಟ್ಟೆವು.

ಈಗ ನಿಮ್ಮ ಹತ್ತಿರ ಸ್ಪರ್ಧೆಗೆ ಮುಂಚೆ ಇರದಿದ್ದ ಒಂದು ವಸ್ತು ಇದೆ: ಸ್ಪರ್ಧೆಯಲ್ಲಿ ಓಡಿ ಬಂದ ಯಂತ್ರ. ಪ್ರತಿ ಸುತ್ತಿನಲ್ಲೂ ಅದು ಎಲ್ಲಿ ನಿಂತಿತು, ಏನು ಕಳಚಿತು, ಎಷ್ಟನೇ ಸೆಕೆಂಡಿನಲ್ಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಎಲ್ಲರೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಆಮೇಲೆ ಹೋಲಿಸಿ, ಒಬ್ಬರ ನೆನಪು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ, ತಾಳೆಯಾಗದ ಕಡೆಯೇ ದೋಷ ಅಡಗಿರುತ್ತದೆ. ಮೊದಲ ಸ್ಥಾನ ಪಡೆದ ತಂಡದ ಯಂತ್ರದ ಹತ್ತಿರ ಹೋಗಿ ನೋಡಿದ್ದೀರಾ? ಇಲ್ಲದಿದ್ದರೆ ಅವರಿಗೆ ಬರೆದು ಕೇಳಿ. ನಮಗೆ ಹೀಗೆ ಕೇಳಿದಾಗ ಒಂದು ತಂಡ ತಮ್ಮ ದಾಖಲೆ ಪುಸ್ತಕದ ಪ್ರತಿಯನ್ನೇ ಕಳಿಸಿಕೊಟ್ಟಿತ್ತು, ಅವರ ಮೊದಲ ವರ್ಷದ ಪುಟಗಳೂ ಅದರಲ್ಲಿದ್ದವು. ಆ ವರ್ಷ ಅವರ ಯಂತ್ರ ಗೆರೆಯನ್ನೇ ದಾಟಿರಲಿಲ್ಲ.

ಭಾಗಗಳನ್ನು ಶಾಲೆಗೆ ಒಪ್ಪಿಸಲೇಬೇಕಿದ್ದರೆ ಒಂದು ತಿಂಗಳು ಅವಕಾಶ ಕೇಳಿ. ಆ ತಿಂಗಳು ಸಂಜೆ ಹೊತ್ತು ಯಂತ್ರವನ್ನು ಕೆಳಗಿನ ತರಗತಿಯ ಮಕ್ಕಳ ಕೈಗೆ ಕೊಡಿ. ಅವರು ಅದನ್ನು ಗೋಡೆಗೆ ಗುದ್ದಿಸುತ್ತಾರೆ, ಮೆಟ್ಟಿಲಿಳಿಸಲು ನೋಡುತ್ತಾರೆ, ಯಾಕೆ ಹೀಗೆ ಮಾಡಿದ್ದೀರಿ ಎಂದು ಕೇಳುತ್ತಾರೆ. ನೀವು ಪಕ್ಕದಲ್ಲಿ ಪೆನ್ನು ಹಿಡಿದು ಕೂತಿರಿ. ಆಮೇಲೆ ಆ ಹಾಳೆಗಳನ್ನು ನನಗೂ ಕಳಿಸಿ, ಎಡ ಚಕ್ರ ಯಾಕೆ ಜಾರುತ್ತಿತ್ತೆಂದು ನನಗೂ ತಿಳಿಯಬೇಕಿದೆ.